ಊರು ಬಿಡದ ಮೀನು ಹೇಳುವ ಹೊಳೆಯ ಲೆಕ್ಕ

ನಮ್ಮ ಜಿಲ್ಲೆಯಲ್ಲಿ ಎಣಿಕೆಗೇನೂ ಬರವಿಲ್ಲ. ದನಕರುಗಳ ಗಣತಿ ಆಗುತ್ತದೆ. ಕಾಡಿನಲ್ಲಿ ಆನೆ, ಹುಲಿ ಎಣಿಸುತ್ತಾರೆ. ಪಡಿತರ ಚೀಟಿ ಎಣಿಸುತ್ತಾರೆ. ಜಲಾನಯನದ ಕೆಲಸ ಬಂತೆಂದರೆ ಎಷ್ಟು ಚೆಕ್‌ಡ್ಯಾಮ್, ಎಷ್ಟು ಕೃಷಿಹೊಂಡ, ಎಷ್ಟು ಸಸಿ, ಖರ್ಚು ಎಷ್ಟು ಲಕ್ಷ ಎಂದು ಬೋರ್ಡು ಬರೆಸಿ ರಸ್ತೆ ಪಕ್ಕದಲ್ಲಿ ನೆಡುತ್ತಾರೆ. ಆದರೆ ಯಾವ ಹಳ್ಳಕ್ಕಾಗಿ ಇಷ್ಟೆಲ್ಲ ನಡೆಯಿತೋ ಆ ಹಳ್ಳದಲ್ಲಿ ಮೊದಲು ಎಷ್ಟು ಜಾತಿ ಮೀನಿತ್ತು, ಕೆಲಸ ಮುಗಿದ ಮೇಲೆ ಎಷ್ಟು ಉಳಿಯಿತು ಎಂದು ಬರೆದ ಬೋರ್ಡನ್ನು ಓದುಗರು ಯಾರಾದರೂ ಕಂಡಿದ್ದರೆ ದಯವಿಟ್ಟು ತಿಳಿಸಬೇಕು.

"ಮೀನು ಎಣಿಸಿ ಏನ್ ಮಾಡ್ತೀರಿ ಮಾರಾಯ್ರೇ? ಹಳ್ಳದಲ್ಲಿ ನೀರಿದ್ರೆ ಸಾಕಲ್ವಾ?"

ಬಸ್‌ಸ್ಟ್ಯಾಂಡಿನಲ್ಲಿ ಈ ವಿಷಯ ಎತ್ತಿದರೆ ಮೊದಲು ಬರುವ ಮಾತು ಇದೇ. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಸಾಗರ, ಹೊಸನಗರ ತಾಲೂಕುಗಳ ಹೊಳೆಹಳ್ಳಗಳಲ್ಲೇ ಉತ್ತರ ಇದೆ. ಅದನ್ನು ವಿಜ್ಞಾನಿಗಳು ಲೆಕ್ಕ ಹಾಕಿ ಬರೆದಿಟ್ಟು ಹದಿನೈದು ವರ್ಷದ ಮೇಲಾಯಿತು. ಓದಬೇಕಾದವರು ಓದಿಲ್ಲ, ಅಷ್ಟೆ.

ಶೀಸೆ ನೀರು ಹೇಳದ ಸುದ್ದಿ

ಅಂಗಡಿ ಇಟ್ಟವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಸಂಜೆ ಗಲ್ಲಾ ಎಣಿಸಿದರೆ ಅವತ್ತಿನ ವ್ಯಾಪಾರ ಗೊತ್ತಾಗುತ್ತದೆ. ಅಂಗಡಿಯ ಸ್ಥಿತಿ ಗೊತ್ತಾಗಬೇಕಾದರೆ ಸ್ಟಾಕ್ ತೆಗೆಯಬೇಕು. ಯಾವ ಮಾಲು ಕೂತಿದೆ, ಯಾವುದು ಖಾಲಿ, ಯಾವುದಕ್ಕೆ ಇಲಿ ಬಿದ್ದಿದೆ ಎಂದು ಒಂದೊಂದೇ ಕಪಾಟು ತೆರೆದು ನೋಡಬೇಕು.

ಹೊಳೆಯ ವಿಷಯವೂ ಹಾಗೆಯೇ. ಒಂದು ಶೀಸೆ ನೀರು ತುಂಬಿಸಿ ಲ್ಯಾಬಿಗೆ ಕೊಟ್ಟರೆ ಆ ಹೊತ್ತಿನ ನೀರಿನ ಸುದ್ದಿ ಸಿಗುತ್ತದೆ. ರಾತ್ರಿ ಯಾರೋ ಔಷಧಿ ಡ್ರಮ್ ತೊಳೆದರು, ಬೆಳಗಾಗುವಷ್ಟರಲ್ಲಿ ಅದು ಹರಿದು ಹೋಯಿತು ಅನ್ನಿ. ಹತ್ತು ಗಂಟೆಗೆ ಬಂದು ನೀರು ತುಂಬಿಸಿಕೊಂಡು ಹೋದವರಿಗೆ "ನೀರು ಚೊಕ್ಕ" ಎಂಬ ವರದಿಯೇ ಸಿಕ್ಕೀತು. ಮೀನು ಹಾಗಲ್ಲ. ಅದು ಹಗಲು ರಾತ್ರಿ, ಮಳೆ ಬೇಸಿಗೆ, ಆ ನೀರಿನಲ್ಲೇ ಇರುತ್ತದೆ. ಕೆಟ್ಟ ನೀರು ಒಂದೇ ಗಂಟೆ ಹರಿದರೂ ಅದರ ಲೆಕ್ಕ ಮೀನಿನ ಮೈಮೇಲೆ ಬೀಳುತ್ತದೆ. ಹೊಳೆ ಒಂದು ಬೇಸಿಗೆ ಬತ್ತಿದರೂ ಅದರ ಲೆಕ್ಕ ಮುಂದಿನ ವರ್ಷದ ಮೀನಿನ ಸಂಖ್ಯೆಯಲ್ಲಿ ಸಿಗುತ್ತದೆ.

ಹಾಗಾಗಿ ಹಳ್ಳದ ಮೀನು ಎಣಿಸುವುದೆಂದರೆ ಸಾರಿನ ಪಾತ್ರೆಗೆ ಲೆಕ್ಕ ಹಾಕುವುದಲ್ಲ. ಹಳ್ಳದ ಸ್ಟಾಕ್ ತೆಗೆಯುವುದು.

ಬಂದು ಹೋಗುವವು, ಊರು ಬಿಡದವು

ಮಲೆನಾಡಿನವರಿಗೆ ಹತ್ತುಮೀನಿನ ವಿಷಯ ಹೇಳಿಕೊಡಬೇಕಾಗಿಲ್ಲ. ಮುಂಗಾರು ಹಿಡಿದು ಹಳ್ಳ ಕೆಂಪಾದ ಕೂಡಲೇ ದೊಡ್ಡ ಹೊಳೆಯ ಮೀನು ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ಕಾಲುವೆಗೆ ಹತ್ತಿ ಬರುತ್ತದೆ. ಮೊಟ್ಟೆ ಇಡಲು ಬರುವ ಬಸುರಿ ಮೀನು ಅದು. ಕೂಣಿ ಹಾಕಿ, ಬಲೆ ಒಡ್ಡಿ, ಕತ್ತಿಯಲ್ಲಿ ಕಡಿದು ಹಿಡಿಯುವವರಿಗೆ ಅದೊಂದು ಹಬ್ಬ. ಹೊಟ್ಟೆ ತುಂಬ ಮೊಟ್ಟೆ ಇರುವ ಒಂದು ಮೀನು ಹಿಡಿದರೆ ಮುಂದಿನ ವರ್ಷದ ನೂರಾರು ಮರಿ ಹೋದಂತೆ ಎಂಬುದು ಆ ಗಲಾಟೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಆದರೆ ಇವತ್ತಿನ ಮಾತು ಮುಖ್ಯವಾಗಿ ಇವುಗಳ ಬಗ್ಗೆ ಅಲ್ಲ. ಇವು ನೆಂಟರು. ಬರುತ್ತವೆ, ಹೋಗುತ್ತವೆ. ಹಳ್ಳದಲ್ಲೇ ಹುಟ್ಟಿ ಹಳ್ಳದಲ್ಲೇ ಸಾಯುವ ಖಾಯಂ ನಿವಾಸಿಗಳು ಬೇರೆ ಇವೆ. ಬೆರಳುದ್ದದ ಮೀನು. ಮೈಮೇಲೆ ಪಟ್ಟೆ, ಬಾಯಿ ಹತ್ತಿರ ಸಣ್ಣ ಮೀಸೆ. ಕಲ್ಲಿನ ಸಂದಿಯಲ್ಲೇ ಸಂಸಾರ. ಇನ್ನೊಂದು ಬಗೆಯದು ಕಲ್ಲಿಗೆ ಬಾಯಿ ಅಂಟಿಸಿಕೊಂಡು ಎಂಥ ಸೆಳವಿನಲ್ಲೂ ನಿಲ್ಲುತ್ತದೆ. ಸಂತೆಯಲ್ಲಿ ಇವಕ್ಕೆ ಬೆಲೆಯಿಲ್ಲ. ಕೆ.ಜಿ. ಲೆಕ್ಕದಲ್ಲಿ ತೂಗುವಷ್ಟು ಸಿಗುವುದೂ ಇಲ್ಲ. ಹಾಗಾಗಿ ಮೀನು ತಿನ್ನುವವರಿಗೂ ಬೇಡ, ಮೀನುಗಾರಿಕೆಯ ಲೆಕ್ಕದ ಪುಸ್ತಕಕ್ಕೂ ಬೇಡ.

ಇವೇ ನಿಜವಾದ ಸಾಕ್ಷಿಗಳು. ಯಾಕೆಂದರೆ ಇವಕ್ಕೆ ಓಡಿ ಹೋಗಲು ಜಾಗವಿಲ್ಲ. ಊರು ಕೆಟ್ಟರೆ ಉಳ್ಳವರು ಬೆಂಗಳೂರಿಗೆ ಹೋಗುತ್ತಾರೆ, ಇಲ್ಲದವರು ಊರಲ್ಲೇ ಅನುಭವಿಸುತ್ತಾರಲ್ಲ, ಹಾಗೆ. ನೀರು ತಣ್ಣಗಿರಬೇಕು, ಓಡುತ್ತಿರಬೇಕು, ಕಲ್ಲಿನ ಸಂದಿ ಬಿಡುವಾಗಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಇವು ಉಳಿಯುವುದು ಕಷ್ಟ.

ಶರಾವತಿಯ ಮೇಲ್ದಂಡೆಯಲ್ಲಿ ನಡೆದ ಲೆಕ್ಕ

ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಮುಗಿಯಿತು. 1819 ಅಡಿ ಎಂದರೆ ಭರ್ತಿ ಎಂಬುದು ಮಳೆಗಾಲದಲ್ಲಿ ಪೇಪರ್ ಓದುವ ಪ್ರತಿಯೊಬ್ಬರಿಗೂ ಬಾಯಿಪಾಠ. ಈ ಅಣೆಕಟ್ಟಿಗೆ ನೀರು ಕೊಡುವ ನೆಲ ಸುಮಾರು 1991 ಚದರ ಕಿಲೋಮೀಟರ್. ಇಷ್ಟು ನೆಲದ ಮೇಲೆ ಬಿದ್ದ ಮಳೆ ಸಣ್ಣ ದೊಡ್ಡ ಹಳ್ಳಗಳ ಮೂಲಕ ಹರಿದು ಹಿನ್ನೀರು ಸೇರುತ್ತದೆ. ಇದಕ್ಕೇ ಜಲಾನಯನ ಪ್ರದೇಶ ಎನ್ನುವುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು ಈ ಹಳ್ಳಗಳಲ್ಲಿ ಇಳಿದು ಮೀನಿನ ಸಮೀಕ್ಷೆ ನಡೆಸಿತು. ಮೀನನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ. ಹಳ್ಳದ ದಂಡೆ ಹತ್ತಿ ಮೇಲಿನ ಕಾಡಿನಲ್ಲಿ ಯಾವ ಮರವಿದೆ ಎಂಬುದನ್ನೂ ಬರೆದುಕೊಂಡಿತು. 2007ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಇದರ ಫಲಿತಾಂಶ ಪ್ರಕಟವಾಯಿತು.

ಸಾರಾಂಶ ಇಷ್ಟು: ಹಳ್ಳದ ಮೇಲಿನ ನೆಲದಲ್ಲಿ ನಿತ್ಯಹರಿದ್ವರ್ಣದ ಕಾಡು ಎಷ್ಟು ಹೆಚ್ಚಿದೆಯೋ, ಪಶ್ಚಿಮಘಟ್ಟಕ್ಕೇ ಸೇರಿದ ಮರಗಳು ಎಷ್ಟು ಹೆಚ್ಚಿವೆಯೋ, ಕೆಳಗಿನ ಹಳ್ಳದಲ್ಲಿ ಮೀನಿನ ಜಾತಿಗಳೂ ಅಷ್ಟು ಹೆಚ್ಚು. ಅದರಲ್ಲೂ ಪಶ್ಚಿಮಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಸಿಗದ ಮೀನುಗಳು ಹೆಚ್ಚು. ಅಂದರೆ ಗುಡ್ಡದ ಮೇಲೆ ನಿಂತ ಮರದ ಲೆಕ್ಕ ಗುಡ್ಡದ ಕೆಳಗಿನ ಕಲ್ಲುಸಂದಿಯಲ್ಲಿ ಸಿಕ್ಕಿತು.

ಹಿಲ್ಕುಂಜಿ, ಎಣ್ಣೆಹೊಳೆ, ಹುರ್ಲಿಹೊಳೆ, ನಾಗೋಡಿ ಹೊಳೆ ಇವೆಲ್ಲ ಪಶ್ಚಿಮದ ದಟ್ಟಕಾಡಿನ ಕಡೆಯವು. ನಂದಿಹೊಳೆ, ಹರಿದ್ರಾವತಿ, ಮಾವಿನಹೊಳೆ ಇವು ಪೂರ್ವದ ಕಡೆಯವು. ಅಲ್ಲಿ ಗದ್ದೆ, ತೋಟ, ಎಲೆ ಉದುರುವ ಕಾಡು, ನೆಡುತೋಪು ಜಾಸ್ತಿ. ಎಲ್ಲವೂ ಕೊನೆಗೆ ಸೇರುವುದು ಒಂದೇ ಹಿನ್ನೀರಿಗೆ. ಆದರೆ ಅವುಗಳ ಹೊಟ್ಟೆಯೊಳಗಿನ ಮೀನು ಒಂದೇ ಅಲ್ಲ.

ಕೊಲ್ಲೂರು ಬಸ್ಸಿನಲ್ಲಿ ನಗರ, ನಿಟ್ಟೂರು ದಾಟಿ ಹೋಗುವವರು ನಾಗೋಡಿಯ ಹೆಸರು ಕೇಳಿರುತ್ತಾರೆ. ಘಟ್ಟ ಇಳಿಯುವ ಮೊದಲು ಕಿಟಕಿಯಿಂದ ಕಾಡು ನೋಡಿ ಕಣ್ಣು ಮುಚ್ಚುವವರೇ ಹೆಚ್ಚು. 2006ರಲ್ಲಿ ಇದೇ ಊರಿನ ಹೆಸರಿನಲ್ಲಿ ಒಂದು ಹೊಸ ಮೀನು ಪ್ರಪಂಚದ ಪಟ್ಟಿ ಸೇರಿತು: ಶಿಸ್ಟುರಾ ನಾಗೋಡಿಯೆನ್ಸಿಸ್. ಅದರ ಜತೆಗೇ ಶಿಸ್ಟುರಾ ಶರಾವತಿಯೆನ್ಸಿಸ್ ಎಂಬ ಇನ್ನೊಂದು. ಎರಡೂ ಮೇಲೆ ಹೇಳಿದ ಬೆರಳುದ್ದದ, ಕಲ್ಲುಸಂದಿಯ ಜಾತಿಯವೇ. ಅದಕ್ಕೂ ಮೊದಲು 2004ರಲ್ಲಿ ಬಟಾಸಿಯೊ ಶರಾವತಿಯೆನ್ಸಿಸ್ ಎಂಬ ಸಣ್ಣ ಮೀಸೆ ಮೀನು ಇದೇ ನದಿಯ ಹೆಸರು ಹೊತ್ತಿತು.

ಯೋಚನೆ ಮಾಡಿ. ಅಣೆಕಟ್ಟು ಕಟ್ಟಿ ನಲವತ್ತು ವರ್ಷ ಆದ ಮೇಲೆ, ಆ ಹೊಳೆಯಲ್ಲಿ ಯಾರ್‍ಯಾರು ವಾಸವಿದ್ದಾರೆ ಎಂಬುದರಲ್ಲಿ ಕೆಲವು ಹೆಸರು ಮೊದಲ ಸಲ ಕಾಗದಕ್ಕೆ ಬಂತು! ಮುಳುಗಿದ ಕಣಿವೆಯಲ್ಲಿ ಇನ್ನೆಷ್ಟು ಹೆಸರಿಲ್ಲದವು ಇದ್ದವೋ, ಹೇಳುವವರು ಯಾರು? ಶರಾವತಿ ಮುಳುಗಡೆಯ ಸಂತ್ರಸ್ತರ ಕಾಗದಪತ್ರವೇ ಇನ್ನೂ ಅಲೆಯುತ್ತಿರುವ ಜಿಲ್ಲೆಯಲ್ಲಿ ಮೀನಿನ ಪರವಾಗಿ ಅರ್ಜಿ ಹಾಕುವವರು ಎಲ್ಲಿಂದ ಬರಬೇಕು?

ಇಡೀ ಪಶ್ಚಿಮಘಟ್ಟದ ಲೆಕ್ಕ ತೆಗೆದರೆ, 2011ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ವರದಿಯಲ್ಲಿ 290 ಜಾತಿಯ ಸಿಹಿನೀರು ಮೀನುಗಳ ಪರಿಶೀಲನೆ ಇದೆ. ಅವುಗಳಲ್ಲಿ 189 ಜಾತಿ ಈ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ನಮ್ಮ ಹಳ್ಳದಲ್ಲಿ ಹೋಯಿತು ಎಂದರೆ ಬೇರೆ ಕಡೆಯಿಂದ ಲಾರಿಯಲ್ಲಿ ತರಿಸುವ ಹಾಗಿಲ್ಲ.

ಮಳೆಯೋ, ಕಾಡೋ?

ಇಲ್ಲೊಂದು ತಕರಾರು ಬರಬಹುದು. "ಪಶ್ಚಿಮದ ಕಡೆ ಮಳೆಯೇ ಜಾಸ್ತಿ ಸ್ವಾಮಿ. ಹುಲಿಕಲ್ಲಿನ ಮಳೆ ಆನಂದಪುರದಲ್ಲಿ ಬೀಳುತ್ತಾ? ಮೀನು ಇರುವುದು ಮಳೆಯಿಂದ, ಮರದಿಂದಲ್ಲ."

ಮಾತಿನಲ್ಲಿ ಹುರುಳಿದೆ. ಮಳೆಯ ಪಾಲು ಇದ್ದೇ ಇದೆ. ಆದರೆ ಮಳೆ ಬೀಳುವುದು ಹೆಚ್ಚೆಂದರೆ ನಾಲ್ಕೈದು ತಿಂಗಳು. ಮೀನು ಬದುಕಬೇಕಾದದ್ದು ಹನ್ನೆರಡು ತಿಂಗಳು. ಫೆಬ್ರುವರಿಯಿಂದ ಮೇ ತನಕ ಹಳ್ಳದಲ್ಲಿ ನೀರು ಓಡಬೇಕಾದರೆ ಮಳೆಗಾಲದ ನೀರನ್ನು ಯಾರೋ ಹಿಡಿದಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಬಿಡಬೇಕು. ಆ ಕೆಲಸ ಮಾಡುವುದು ಕಾಡಿನ ನೆಲ. ತರಗೆಲೆ, ಬೇರು, ಮೆತ್ತನೆ ಮಣ್ಣು ಮಳೆನೀರನ್ನು ಕುಡಿಯುತ್ತವೆ. ಬೋಳುಗುಡ್ಡದ ಮೇಲೆ ಬಿದ್ದದ್ದು ಬಿದ್ದ ಹಾಗೇ ಓಡುತ್ತದೆ. ಓಡುವಾಗ ಮಣ್ಣನ್ನೂ ಎಳೆದುಕೊಂಡು ಹೋಗುತ್ತದೆ.

ಅದೇ ವಿಜ್ಞಾನ ಸಂಸ್ಥೆಯವರು ಮುಂದೆ ಉತ್ತರ ಕನ್ನಡದ ಹೊಳೆಗಳಲ್ಲಿ ನಡೆಸಿದ ಅಧ್ಯಯನಗಳು ಇದನ್ನೇ ಹೇಳಿವೆ. ಜಲಾನಯನದಲ್ಲಿ ಶೇ. 60ಕ್ಕಿಂತ ಹೆಚ್ಚು ನಾಡ ಮರಗಳ ಕಾಡು ಇದ್ದ ಕಡೆ ಹಳ್ಳ ವರ್ಷಪೂರ್ತಿ ಹರಿಯುತ್ತದೆ. ಒಂದೇ ಜಾತಿ ಮರದ ನೆಡುತೋಪು, ಬಯಲು ಜಾಸ್ತಿಯಾದ ಕಡೆ ಮಳೆ ನಿಂತ ಕೆಲವು ತಿಂಗಳಿಗೇ ಹಳ್ಳ ಒಣಗುತ್ತದೆ.

ಮರದ ಉಪಕಾರ ಇಷ್ಟಕ್ಕೇ ಮುಗಿಯುವುದಿಲ್ಲ. ದಂಡೆಯ ಮರ ನೆರಳು ಕೊಡುತ್ತದೆ. ನೆರಳಿನ ನೀರು ತಣ್ಣಗಿರುತ್ತದೆ. ತಣ್ಣನೆ ನೀರಿನಲ್ಲಿ ಪ್ರಾಣವಾಯು ಹೆಚ್ಚು ಕರಗಿರುತ್ತದೆ. ಉದುರಿದ ಎಲೆ ಕೊಳೆತು ನೀರುಹುಳುಗಳಿಗೆ ಊಟ, ಹುಳು ಮೀನಿಗೆ ಊಟ. ಬೇರು ದಂಡೆಯನ್ನು ಹಿಡಿದಿಡುತ್ತದೆ. ದಂಡೆಯ ಮರ ಕಡಿದರೆ ಮಣ್ಣು ಕುಸಿದು ಕಲ್ಲಿನ ಸಂದಿಗಳಲ್ಲಿ ತುಂಬಿಕೊಳ್ಳುತ್ತದೆ. ಸಂದಿಯಲ್ಲಿ ಇಟ್ಟ ಮೊಟ್ಟೆಗೆ ಉಸಿರು ಕಟ್ಟುತ್ತದೆ. ಮೇಲಿನಿಂದ ನೋಡಿದರೆ ಹಳ್ಳ ಹರಿಯುತ್ತಲೇ ಇರುತ್ತದೆ. ಒಳಗೆ ಮನೆ ಖಾಲಿ!

ಇಲ್ಲಿಯೇ ಅಂಗಡಿಯವರಿಗೂ, ಬಸ್ಸಿನವರಿಗೂ, ತೋಟದವರಿಗೂ ಸಂಬಂಧಿಸಿದ ವಿಷಯ ಇರುವುದು. ಪಟ್ಟೆಮೀನು ಬದುಕಲು ಬೇಕಾದದ್ದು ಯಾವುದೋ ನಮ್ಮ ಬಾವಿಗೆ, ಅಡಿಕೆ ತೋಟಕ್ಕೆ, ನಲ್ಲಿಗೆ ಬೇಕಾದದ್ದೂ ಅದೇ. ಏಪ್ರಿಲ್ ತಿಂಗಳಲ್ಲಿ ಆ ಮೀನು ಇರುವ ಹಳ್ಳದ ಪಕ್ಕದ ಬಾವಿಯಲ್ಲಿ ನೀರಿರುತ್ತದೆ. ಮೀನು ಮಾಯವಾದ ಹಳ್ಳದ ಕಡೆಗೆ ಇವತ್ತಲ್ಲ ನಾಳೆ ಟ್ಯಾಂಕರ್ ಹೋಗಬೇಕಾಗುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತ ಎಂದು ಘೋಷಣೆಯಾದದ್ದು ಎಲ್ಲರಿಗೂ ನೆನಪಿದೆ. ಬೇಸಿಗೆ ವ್ಯಾಪಾರ ಯಾಕೆ ಬಿದ್ದುಹೋಯಿತು ಎಂದು ಕೇಳಿದರೆ ಪೇಟೆಯವರು "ಹಳ್ಳಿಯವರ ಕೈಯಲ್ಲಿ ಕಾಸಿಲ್ಲ" ಎನ್ನುತ್ತಾರೆ. ಹಳ್ಳಿಯವರ ಕೈಯಲ್ಲಿ ಕಾಸಿಲ್ಲದ್ದಕ್ಕೂ ಹಳ್ಳದಲ್ಲಿ ನೀರಿಲ್ಲದ್ದಕ್ಕೂ ನಂಟಿದೆ.

ಎಣಿಸುವುದು ಹೇಗೆ?

ಬಲೆ ಬೀಸಿ ಸಿಕ್ಕಿದ್ದು ಎಣಿಸಿದರೆ ಸಮೀಕ್ಷೆ ಆಗುವುದಿಲ್ಲ. ಅದಕ್ಕೊಂದು ಕ್ರಮ ಇದೆ.

ಮೊದಲು ಹಳ್ಳದಲ್ಲಿ ಇಂತಿಷ್ಟು ಉದ್ದದ ಜಾಗ ಗೊತ್ತು ಮಾಡಬೇಕು. ಆ ಜಾಗದಲ್ಲಿ ಸೆಳವು, ಗುಂಡಿ, ಕಲ್ಲುಹಾಸು ಮೂರೂ ಇರಬೇಕು. ಯಾಕೆಂದರೆ ಗುಂಡಿಯ ಮೀನು ಸೆಳವಿನಲ್ಲಿಲ್ಲ, ಸೆಳವಿನ ಮೀನು ಗುಂಡಿಯಲ್ಲಿಲ್ಲ. ಎರಡೂ ತುದಿಗೆ ಸಣ್ಣ ಕಣ್ಣಿನ ಬಲೆ ಅಡ್ಡ ಕಟ್ಟಿ, ಒಳಗೆ ಬೀಸುಬಲೆ, ಎಳೆಬಲೆ, ಕೈಬಲೆ ಹಾಕಿ ಹಿಡಿಯಬೇಕು. ಹಿಡಿದದ್ದನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಇಟ್ಟು ಜಾತಿ ನೋಡಿ, ಎಣಿಸಿ, ಉದ್ದ ಅಳೆದು ವಾಪಸು ಬಿಡಬೇಕು. ಪಲ್ಯಕ್ಕೆ ಒಯ್ಯುವಂತಿಲ್ಲ!

ಅಷ್ಟೇ ಮುಖ್ಯವಾದದ್ದು ಮೀನಿನ ಮನೆಯ ಲೆಕ್ಕ. ಹಳ್ಳದ ಅಗಲ ಎಷ್ಟು, ಆಳ ಎಷ್ಟು, ನೀರಿನ ಓಟ ಎಷ್ಟು, ಬಿಸಿ ಎಷ್ಟು? ತಳದಲ್ಲಿ ಬಂಡೆಯೋ, ಗುಂಡುಕಲ್ಲೋ, ಮರಳೋ, ಕೆಸರೋ? ಮೇಲೆ ನೆರಳು ಎಷ್ಟು ಪಾಲು? ದಂಡೆಯಲ್ಲಿ ಕಾಡೋ, ತೋಟವೋ, ಅಕೇಶಿಯಾ ನೆಡುತೋಪೋ? ಇದನ್ನೆಲ್ಲ ಬರೆದುಕೊಂಡು, ಅದೇ ಜಾಗಕ್ಕೆ ಮಳೆಗಾಲ ಮುಗಿದ ಮೇಲೊಮ್ಮೆ, ಕಡುಬೇಸಿಗೆಯಲ್ಲಿ ಇನ್ನೊಮ್ಮೆ ಬರಬೇಕು. ಒಂದೇ ಸಲ ನೋಡಿ ಹೋದರೆ ಅದು ನೆಂಟರ ಮನೆಗೆ ಹಬ್ಬದ ದಿನ ಹೋದಂತೆ. ಮನೆಯ ಕಷ್ಟಸುಖ ತಿಳಿಯುವುದಿಲ್ಲ.

ಹೀಗೆ ಸಿಕ್ಕಿದ ಲೆಕ್ಕದಿಂದ ಹಳ್ಳಕ್ಕೆ ಅಂಕ ಕೊಡುವ ಪದ್ಧತಿಯೂ ಇದೆ. 1981ರಲ್ಲಿ ಅಮೆರಿಕದ ಜೇಮ್ಸ್ ಕಾರ್ ಎಂಬ ವಿಜ್ಞಾನಿ ಅಲ್ಲಿನ ಹೊಳೆಗಳಿಗಾಗಿ ಹನ್ನೆರಡು ಪ್ರಶ್ನೆಗಳ ಅಂಕಪಟ್ಟಿ ಮಾಡಿದರು. ಎಷ್ಟು ಜಾತಿ ಇದೆ, ಸೂಕ್ಷ್ಮ ಜಾತಿಗಳು ಉಳಿದಿವೆಯೇ, ಎಂಥ ಗಲೀಜಿನಲ್ಲೂ ಬದುಕುವ ಗಟ್ಟಿ ಜಾತಿಯ ಪಾಲು ಎಷ್ಟು, ಹುಣ್ಣು ರೋಗ ಇರುವ ಮೀನು ಎಷ್ಟು ಎಂಬಂಥ ಪ್ರಶ್ನೆಗಳು. ಒಟ್ಟು ಅಂಕ ನೋಡಿದರೆ ಹೊಳೆ ಪಾಸೋ ಫೇಲೋ ಗೊತ್ತಾಗುತ್ತದೆ. ಅಲ್ಲಿನ ಪಟ್ಟಿಯನ್ನು ಇಲ್ಲಿಗೆ ಹಾಗೇ ತಂದು ಅಂಟಿಸಲು ಬರುವುದಿಲ್ಲ. ನಮ್ಮ ಮೀನು ಬೇರೆ, ನಮ್ಮ ಮಳೆ ಬೇರೆ. ಆದರೆ ಕ್ರಮ ಮಾತ್ರ ಕಲಿಯಬೇಕಾದದ್ದೇ. ಇಲ್ಲಿ ಗಮನಿಸಬೇಕಾದ ಸಂಗತಿ ಎಂದರೆ, ಮೀನು ರಾಶಿ ಇದ್ದ ಮಾತ್ರಕ್ಕೆ ಹೊಳೆ ಚೆನ್ನಾಗಿದೆ ಎಂದಲ್ಲ. ನಾಲ್ಕು ಬುಟ್ಟಿ ಜಿಲೇಬಿ ಮೀನು ಸಿಕ್ಕಿತು, ಪಟ್ಟೆಮೀನು ಒಂದೂ ಇಲ್ಲ ಎಂದರೆ ಅದು ಫೇಲಾದ ಹೊಳೆ.

ಚೆಕ್‌ಡ್ಯಾಮ್ ಕಟ್ಟುವ ಮೊದಲು

ಈಗ ಜಲಾನಯನದ ಕೆಲಸಕ್ಕೆ ಬರೋಣ. ಚೆಕ್‌ಡ್ಯಾಮ್ ಎಂದರೆ ಕೆಟ್ಟದ್ದು ಎಂದು ಈ ಅಂಕಣ ಹೇಳುತ್ತಿಲ್ಲ. ಮಳೆ ಕಡಿಮೆಯಿರುವ ಬಯಲುಸೀಮೆಯ ಹಳ್ಳಕ್ಕೆ ಅದರಿಂದ ಲಾಭ ಇದೆ. ಆದರೆ ಕೋಲಾರ, ಚಿತ್ರದುರ್ಗದ ಒಣಹಳ್ಳಕ್ಕೆ ಹೊಲಿಸಿದ ಅಂಗಿಯನ್ನೇ ನಾಗೋಡಿಯ ಹಳ್ಳಕ್ಕೂ ತೊಡಿಸಿದರೆ?

ವರ್ಷಪೂರ್ತಿ ಓಡುವ ಕಲ್ಲುಹಳ್ಳಕ್ಕೆ ಕಾಂಕ್ರೀಟು ಗೋಡೆ ಅಡ್ಡ ಕಟ್ಟಿದರೆ ಓಡುವ ನೀರು ನಿಂತ ನೀರಾಗುತ್ತದೆ. ಕಲ್ಲಿನ ಮೇಲೆ ಕೆಸರು ಕೂರುತ್ತದೆ. ಸಂದಿಯ ಮೀನು ಹೋಗುತ್ತದೆ, ನಿಂತ ನೀರಿನ ಮೀನು ಬರುತ್ತದೆ. ಮುಂಗಾರಿನಲ್ಲಿ ಮೇಲೆ ಹತ್ತಬೇಕಾದ ಮೀನು ಗೋಡೆಗೆ ತಲೆ ಚಚ್ಚಿಕೊಂಡು ಅಲ್ಲೇ ಗುಂಪುಗೂಡುತ್ತದೆ. ಕೂಣಿ ಹಿಡಿದವರಿಗೆ ಅದಕ್ಕಿಂತ ಸುಲಭದ ಜಾಗ ಬೇರೆ ಬೇಡ.

ನಮ್ಮ ಹಿರಿಯರು ಇದನ್ನು ಪುಸ್ತಕ ಓದದೆಯೇ ತಿಳಿದಿದ್ದರು. ಮಳೆ ನಿಂತ ಮೇಲೆ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟುತ್ತಿದ್ದರು. ಬೇಸಿಗೆಯಲ್ಲಿ ತೋಟಕ್ಕೆ ನೀರು ಸಿಗುತ್ತಿತ್ತು. ಮುಂದಿನ ಮಳೆಗೆ ಕಟ್ಟ ಕೊಚ್ಚಿ ಹೋಗುತ್ತಿತ್ತು. ಮೀನಿಗೆ ದಾರಿ ಬಿಡುತ್ತಿತ್ತು. ವರ್ಷವರ್ಷ ಕಟ್ಟುವುದು ದಂಡದ ಕೆಲಸ ಎಂದು ಕಂಡೀತು. ಆದರೆ ಅದರಲ್ಲಿ ತೋಟಕ್ಕೂ ಪಾಲಿತ್ತು, ಮೀನಿಗೂ ಪಾಲಿತ್ತು. ಈಗಿನ ಕಿಂಡಿ ಅಣೆಕಟ್ಟಿನಲ್ಲೂ ಹಲಗೆ ತೆಗೆಯುವ ಅನುಕೂಲ ಇದೆ. ಮಳೆ ಶುರುವಾಗುವ ಮೊದಲೇ ಹಲಗೆ ತೆಗೆದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ತೆಗೆಯುವವರು ಯಾರು ಎಂಬುದೇ ಪ್ರಶ್ನೆ!

ಮೀನಿನ ಸಮೀಕ್ಷೆ ಕೈಯಲ್ಲಿದ್ದರೆ ತೀರ್ಮಾನ ಸುಲಭ. ಯಾವ ಹಳ್ಳದಲ್ಲಿ ಊರು ಬಿಡದ ಜಾತಿಗಳು ಉಳಿದಿವೆಯೋ ಆ ಹಳ್ಳಕ್ಕೆ ಗೋಡೆ ಬೇಡ. ಅಲ್ಲಿ ಮೇಲಿನ ಕಾಡು ಉಳಿಸುವುದಕ್ಕೇ ದುಡ್ಡು ಹಾಕಿ. ಯಾವ ಹಳ್ಳ ಈಗಾಗಲೇ ಒಣಗಿದೆಯೋ, ಅಲ್ಲಿ ದಂಡೆಗೆ ನಾಡ ಗಿಡ ನೆಡಿ, ಇಂಗುಗುಂಡಿ ತೆಗೆಯಿರಿ. ನಾಲ್ಕೈದು ವರ್ಷ ಬಿಟ್ಟು ಮತ್ತೆ ಎಣಿಸಿ. ಮೀನು ವಾಪಸು ಬಂದಿದ್ದರೆ ಕೆಲಸ ಆಗಿದೆ ಎಂದು ಲೆಕ್ಕ. ಬಂದಿಲ್ಲವೆಂದರೆ ಆಗಿರುವುದು ಬಿಲ್ಲು ಮಾತ್ರ ಎಂದು ಲೆಕ್ಕ.

ಮೈಲುತುತ್ತದ ಡ್ರಮ್ಮು

ಎಲ್ಲ ತಪ್ಪನ್ನೂ ಇಲಾಖೆಯ ತಲೆಗೆ ಕಟ್ಟುವುದು ಸರಿಯಲ್ಲ. ನಮ್ಮ ಕೈಯಲ್ಲೂ ಇದೆ.

ಅಡಿಕೆಗೆ ಕೊಳೆರೋಗ ಬಾರದಂತೆ ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಯುವುದು ಮಲೆನಾಡಿನಲ್ಲಿ ತಪ್ಪದ ಕೆಲಸ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಹೊಡೆಯಬೇಡಿ ಎಂದು ಹೇಳುವ ಹಾಗಿಲ್ಲ, ಬೆಳೆಗಾರನ ವರ್ಷದ ಅನ್ನ ಅದು. ಆದರೆ ಮೈಲುತುತ್ತ ಎಂದರೆ ತಾಮ್ರ. ನೀರಿನಲ್ಲಿ ಸ್ವಲ್ಪ ಬೆರೆತರೂ ಮೀನಿನ ಕಿವಿರಿಗೆ ಅದು ವಿಷ. ಸುಣ್ಣದ ಅಂಶ ಕಡಿಮೆ ಇರುವ ಮೆದುನೀರಿನಲ್ಲಿ ಅದರ ಕಾಟ ಇನ್ನೂ ಹೆಚ್ಚು. ನಮ್ಮ ಮಲೆನಾಡಿನ ಹಳ್ಳದ ನೀರು ಅಂಥ ಮೆದುನೀರೇ. ಔಷಧಿ ಹೊಡೆದಾದ ಮೇಲೆ ಡ್ರಮ್ಮು, ಪಂಪು, ಪೈಪು ಹಳ್ಳದಲ್ಲೇ ತೊಳೆಯುವ ಅಭ್ಯಾಸ ಒಂದನ್ನು ಬಿಟ್ಟರೆ ಸಾಕು. ತೋಟದ ಬದಿಯಲ್ಲಿ ಒಂದು ಗುಂಡಿ ತೆಗೆದು ಅಲ್ಲಿ ತೊಳೆಯಲಿ. ಇದಕ್ಕೆ ಸರ್ಕಾರದ ಅನುದಾನ ಬೇಡ. ಮೈಲುತುತ್ತ ಮಾರುವ ಅಂಗಡಿಯವರೂ ಪೊಟ್ಟಣ ಕಟ್ಟುವಾಗ ಒಂದು ಮಾತು ಹೇಳಬಹುದು: "ಹಳ್ಳದಲ್ಲಿ ಮಾತ್ರ ತೊಳಿಬೇಡಿ ಭಟ್ರೇ, ಗೌಡ್ರೇ."

ಇನ್ನು ಬೇಸಿಗೆಯಲ್ಲಿ ಗುಂಡಿಗೆ ಬ್ಲೀಚಿಂಗ್ ಪೌಡರ್ ಸುರಿಯುವುದು, ತೋಟೆ ಸಿಡಿಸುವುದು. ಇದು ಅಭ್ಯಾಸವಲ್ಲ, ಅಪರಾಧ. ಮೀನು ಹಿಡಿಯಲು ಸಿಡಿಮದ್ದು, ವಿಷ ಬಳಸುವುದನ್ನು 1897ರ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿದೆ. ಬ್ರಿಟಿಷರು ಮಾಡಿಟ್ಟು ಹೋದ ಕಾಯ್ದೆಗೆ ಶತಮಾನ ಕಳೆದು ಮುದಿಯಾಯಿತು, ತೋಟೆಯ ಸದ್ದು ಮಾತ್ರ ನಿಂತಿಲ್ಲ. ಕಡುಬೇಸಿಗೆಯಲ್ಲಿ ಇಡೀ ಹಳ್ಳದ ಮೀನು ಎರಡು ಮೂರು ಗುಂಡಿಯಲ್ಲಿ ಸೇರಿರುತ್ತದೆ. ಆ ಗುಂಡಿಗೆ ವಿಷ ಹಾಕಿದರೆ ಒಂದು ಗುಂಡಿಯ ಮೀನಲ್ಲ, ಇಡೀ ಹಳ್ಳದ ಬಿತ್ತನೆ ಬೀಜವೇ ಹೋದಂತೆ.

ಹೊರಗಿನ ಮೀನು ತಂದು ಬಿಡುವುದು ಮೂರನೆಯ ಕಾಟ. ಕೆರೆಗೆ ಕಟ್ಲಾ, ರೋಹು ಬಿಡುವುದು ಬೇರೆ ಮಾತು. ಜಿಲೇಬಿ, ಆಫ್ರಿಕನ್ ಕ್ಯಾಟ್‌ಫಿಶ್‌ಗಳು ಹೊಂಡ ತುಂಬಿ ಹರಿದಾಗ ಹಳ್ಳಕ್ಕೆ ಇಳಿದರೆ ಊರ ಮೀನಿನ ಕತೆ ಮುಗಿಯಿತು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದು ನಿಷೇಧವಾಗಿದೆ ಎಂಬುದು ಎಷ್ಟು ಜನಕ್ಕೆ ಗೊತ್ತು?

ದೊಡ್ಡ ಯೋಜನೆಗೂ ಇದೇ ಪ್ರಶ್ನೆ

ಶರಾವತಿ ಎಂದರೆ ಈಗ ಎಲ್ಲರ ಬಾಯಲ್ಲಿರುವುದು ಪಂಪ್ಡ್ ಸ್ಟೋರೇಜ್ ಯೋಜನೆ. ಲಿಂಗನಮಕ್ಕಿಗಿಂತ ಕೆಳಗೆ, ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ಸುರಂಗ ಕೊರೆದು, ನೀರನ್ನು ಇಳಿಸುತ್ತಾ ಏರಿಸುತ್ತಾ 2000 ಮೆಗಾವಾಟ್ ವಿದ್ಯುತ್ ತೆಗೆಯುವ ಪ್ರಸ್ತಾಪ. ಬೇಕು ಎನ್ನುವವರು ಇದ್ದಾರೆ, ಬೇಡ ಎನ್ನುವವರು ಇದ್ದಾರೆ. ಸಿಂಗಳೀಕದ ಬಗ್ಗೆ ಮಾತಾಡುತ್ತಾರೆ, ಮರದ ಸಂಖ್ಯೆ ಬಗ್ಗೆ ಮಾತಾಡುತ್ತಾರೆ. ಆಡಬೇಕಾದದ್ದೇ. ಅದರ ಜತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಆ ಕಣಿವೆಯ ಸಣ್ಣಹಳ್ಳಗಳ ಮೀನನ್ನು ಎಷ್ಟು ಜಾಗದಲ್ಲಿ, ಎಷ್ಟು ಋತುವಿನಲ್ಲಿ ಎಣಿಸಿದ್ದೀರಿ? ಕಲ್ಲುಸಂದಿಯ ಮೀನಿನ ಹೆಸರು ವರದಿಯಲ್ಲಿ ಇದೆಯೋ, ಇಲ್ಲ ಸಂತೆಯಲ್ಲಿ ಸಿಗುವ ಮೀನಿನ ಪಟ್ಟಿ ಮಾತ್ರವೋ? ಉತ್ತರ ಬಾರದೆ ಗುದ್ದಲಿ ಬೀಳಬಾರದು. ಲಿಂಗನಮಕ್ಕಿಯಲ್ಲಿ ಮೊದಲು ಮುಳುಗಿಸಿ ಆಮೇಲೆ ಎಣಿಸಿದೆವು. ಒಂದೇ ಹೊಳೆಯಲ್ಲಿ ಎರಡು ಸಲ ಅದೇ ಆಗಬೇಕೇ?

ಪಂಚಾಯಿತಿಯಲ್ಲಿ ಪುಸ್ತಕ ಇದೆ, ಬರೆಯುವವರು ಬೇಕು

ಇದಕ್ಕೆಲ್ಲ ಹೊಸ ಕಾನೂನು ಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಮರ, ಪ್ರಾಣಿ, ಪಕ್ಷಿ, ಮೀನುಗಳನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲೆ ಎಂಬ ಪುಸ್ತಕವೂ ಇರಬೇಕು. ನಿಮ್ಮ ಪಂಚಾಯಿತಿಗೆ ಹೋದಾಗ ಒಂದು ಸಲ ಕೇಳಿ ನೋಡಿ: "ಆ ಪುಸ್ತಕ ತೋರಿಸಿ ಸಾರ್, ನಮ್ಮ ಹಳ್ಳದ ಮೀನಿನ ಪುಟ ಯಾವುದು?"

ಪುಟ ಇದ್ದರೆ ಸಂತೋಷ. ಇಲ್ಲದಿದ್ದರೆ ಬರೆಸಬಹುದು. ಶಾಲೆಯ ಮೇಷ್ಟ್ರು, ಕಾಲೇಜಿನ ಪ್ರಾಣಿಶಾಸ್ತ್ರದ ಹುಡುಗರು, ಊರಿನ ಹಳೇ ಮೀನುಗಾರರು ಸೇರಿದರೆ ಕೆಲಸ ಶುರುವಾಗುತ್ತದೆ. ಮೀನಿನ ಇಂಗ್ಲಿಷ್ ಹೆಸರು ವಿಜ್ಞಾನಿಗೆ ಗೊತ್ತು. ಅದು ಯಾವ ಗುಂಡಿಯಲ್ಲಿ ಯಾವ ತಿಂಗಳು ಇರುತ್ತದೆ, ಯಾವ ವರ್ಷದಿಂದ ಕಾಣಿಸುತ್ತಿಲ್ಲ ಎಂಬುದು ದಿನಾ ಬಲೆ ಹಾಕುವವನಿಗೆ ಗೊತ್ತು. ಇಬ್ಬರ ಲೆಕ್ಕವೂ ಒಂದೇ ಪುಟದಲ್ಲಿ ಬರಬೇಕು.

ಮೀನು ಕಾಯುವ ಬುದ್ಧಿ ನಮ್ಮ ಜನಕ್ಕೆ ಇಲ್ಲ ಎನ್ನಬೇಡಿ. ಶೃಂಗೇರಿಯ ತುಂಗೆಯ ಮೆಟ್ಟಿಲ ಬಳಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ ದೇವರ ಮೀನೆಂದು ಕಾದುಕೊಂಡು ಬಂದವರು ನಾವೇ. ಅಲ್ಲಿ ಬಲೆ ಬೀಸುವ ಧೈರ್ಯ ಯಾರಿಗೂ ಇಲ್ಲ. ಆದರೆ ದೇವಸ್ಥಾನದ ಎದುರಿನ ದೊಡ್ಡ ಮೀನಿಗೆ ಸಿಕ್ಕಿದ ಮರ್ಯಾದೆ, ಕಾಡುಹಳ್ಳದ ಬೆರಳುದ್ದದ ಮೀನಿಗೂ ಸಿಗಬೇಕಲ್ಲ? ಅದಕ್ಕೆ ಮಂಡಕ್ಕಿ ಹಾಕುವವರು ಬೇಡ. ಮೇಲಿನ ಮರ ಕಡಿಯದಿದ್ದರೆ ಸಾಕು.

ಕೊನೆಗೆ ಬೇಡಿಕೆ ಮೂರೇ. ಒಂದು, ಯಾವುದೇ ಹಳ್ಳಕ್ಕೆ ಜಲಾನಯನದ ಕೆಲಸ ಮಂಜೂರು ಮಾಡುವ ಮೊದಲು ಆ ಹಳ್ಳದ ಮೀನು ಮತ್ತು ಅದರ ನೆಲೆಯ ಸಮೀಕ್ಷೆ ಆಗಬೇಕು. ಕೆಲಸ ಮುಗಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಆಗಬೇಕು. ಎರಡು, ವರ್ಷಪೂರ್ತಿ ಹರಿಯುವ ಕಾಡುಹಳ್ಳಗಳ ಪಟ್ಟಿ ಮಾಡಿ ಅಲ್ಲಿ ಅಡ್ಡಗೋಡೆ ಕಟ್ಟುವುದನ್ನು ಬಿಡಬೇಕು. ಮೂರು, ಲೆಕ್ಕ ಕಪಾಟಿನಲ್ಲಿ ಕೊಳೆಯದೆ ಪಂಚಾಯಿತಿ ಬೋರ್ಡಿನ ಮೇಲೆ ಕನ್ನಡದಲ್ಲಿ ಬರಬೇಕು.

ಖರ್ಚು ಎಷ್ಟಾದೀತು? ನಾಲ್ಕು ಬಲೆ, ಎರಡು ಬಕೆಟ್ಟು, ಒಂದು ಥರ್ಮಾಮೀಟರು, ಒಂದು ಅಳತೆ ಟೇಪು, ಬಂದವರಿಗೆ ಊಟ, ಬಸ್ ಚಾರ್ಜು. ಒಂದು ಚೆಕ್‌ಡ್ಯಾಮಿನ ಉದ್ಘಾಟನೆಗೆ ಹಾಕುವ ಶಾಮಿಯಾನದ ಬಾಡಿಗೆಗಿಂತ ಹೆಚ್ಚಾಗಲಾರದು. ಸಂಬಂಧಪಟ್ಟ ಅಧಿಕಾರಿಗಳೂ, ಜಿಲ್ಲಾ ಪಂಚಾಯಿತಿಯವರೂ ಮುಂದಿನ ಬೇಸಿಗೆ ಬರುವುದರೊಳಗೆ ಒಂದೇ ಒಂದು ಹಳ್ಳದಿಂದಾದರೂ ಇದನ್ನು ಶುರು ಮಾಡಲಿ. ಮಾಡುತ್ತಾರೆಯೇ?